ತುಮಕೂರಿನಿಂದ ದೆಹಲಿಗೆ ನೂರಹತ್ತು ಕಿಲೋ ಸಾಮಾನು: ಕಡಿಮೆ ಖರ್ಚಿನ ದಾರಿ ಯಾವುದು?

ಪ್ರಶ್ನೆ: ತುಮಕೂರಿನ ನಮ್ಮ ಮನೆಯನ್ನು ಬಾಡಿಗೆಗೆ ಕೊಡುತ್ತಿರುವುದರಿಂದ, ತಂದೆಯವರ ಪುಸ್ತಕಗಳನ್ನೂ ತಾಯಿಯವರ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವನ್ನೂ ದೆಹಲಿಗೆ ಒಯ್ಯಬೇಕಾಗಿದೆ. ಪುಸ್ತಕಗಳು ಸುಮಾರು 70 ಕಿಲೋ ಇವೆ. ಯಂತ್ರ ಸ್ಟ್ಯಾಂಡಿನ ಸಮೇತ 40 ಕಿಲೋ ಇರಬಹುದು. ಮುಂದಿನ ತಿಂಗಳು ನಾನೇ ಬೆಂಗಳೂರಿನಿಂದ ಸ್ಲೀಪರ್ ದರ್ಜೆಯಲ್ಲಿ ಮರಳುತ್ತಿದ್ದೇನೆ. ಮನೆ ಸಾಮಾನು ಸಾಗಿಸುವವರು ಹೇಳುವ ಮೊತ್ತ ನಮ್ಮ ಶಕ್ತಿಗೆ ಮೀರಿದ್ದು. ತಲುಪುವುದು ತಡವಾದರೂ ಚಿಂತೆಯಿಲ್ಲ, ಒಡೆಯಬಾರದು ಅಷ್ಟೇ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಮೇಡಂ, ನೀವು ಎರಡನ್ನೂ ಒಂದೇ ಸಾಮಾನೆಂದು ಎಣಿಸುತ್ತಿರುವುದರಿಂದ ಖರ್ಚು ದೊಡ್ಡದಾಗಿ ಕಾಣುತ್ತಿದೆ ಎಂಬುದು ನನ್ನ ಅಭಿಪ್ರಾಯ. ಪುಸ್ತಕ ಸಣ್ಣ ಜಾಗದಲ್ಲಿ ಹೆಚ್ಚು ತೂಗುವ ವಸ್ತು. ಯಂತ್ರದ ಸ್ಟ್ಯಾಂಡು ದೊಡ್ಡ ಜಾಗ ಹಿಡಿದು ಕಡಿಮೆ ತೂಗುವ ವಸ್ತು. ಸ್ಪೀಡ್ ಪೋಸ್ಟಿನಲ್ಲಿಯೂ ಕೊರಿಯರ್‌ಗಳಲ್ಲಿಯೂ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 5000ದಿಂದ ಭಾಗಿಸಿ ಬರುವ ಗಾತ್ರದ ತೂಕವನ್ನು ತಕ್ಕಡಿಯ ತೂಕದೊಂದಿಗೆ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ಹಣ ಕಟ್ಟಿಸಿಕೊಳ್ಳುತ್ತಾರೆ. 45×30×25ರ ಪುಸ್ತಕದ ಪೆಟ್ಟಿಗೆಯ ಗಾತ್ರದ ತೂಕ ಏಳು ಕಿಲೋ ಕೂಡ ಆಗುವುದಿಲ್ಲ, ಆದರೆ ಅದರೊಳಗೆ ಹದಿನೆಂಟು ಕಿಲೋ ಪುಸ್ತಕ ಹಿಡಿಯುತ್ತದೆ. ಅದೇ ನಿಂತಿರುವ ಸ್ಟ್ಯಾಂಡು 90×45×75 ಇದ್ದರೆ ಗಾತ್ರದ ತೂಕ 60 ಕಿಲೋ ದಾಟುತ್ತದೆ. ನಿಜವಾದ ತೂಕ ಅದರ ಅರ್ಧವೂ ಇರುವುದಿಲ್ಲ.

ಆದ್ದರಿಂದ ಪುಸ್ತಕಗಳು ನಿಮ್ಮ ಟಿಕೆಟ್ಟಿನ ಮೇಲೆಯೇ ಹೋಗಲಿ. ಸ್ಲೀಪರ್ ಪ್ರಯಾಣಿಕರಿಗೆ 40 ಕಿಲೋ ಉಚಿತವಿದೆ. ಹೆಚ್ಚಿನದಕ್ಕೆ ಲಗೇಜ್ ದರದ ಒಂದೂವರೆ ಪಟ್ಟು ಕಟ್ಟಿ, ಒಟ್ಟು 80 ಕಿಲೋವರೆಗೆ ಒಯ್ಯಬಹುದು. 70 ಕಿಲೋ ಪುಸ್ತಕ ಮತ್ತು ನಿಮ್ಮ ಬಟ್ಟೆಯ ಚೀಲ ಸೇರಿದರೆ ಈ ಮಿತಿಯೊಳಗೇ ಇರುತ್ತದೆ. ಹೆಚ್ಚಿನ ಪೆಟ್ಟಿಗೆಗಳನ್ನು ಬ್ರೇಕ್ ವ್ಯಾನಿಗೆ, ಅಂದರೆ ಅದೇ ರೈಲಿನ ಸಾಮಾನಿನ ಬೋಗಿಗೆ, ಬುಕ್ ಮಾಡಿಸಿರಿ. ಬುಕ್ ಮಾಡಿಸದೆ ಬೋಗಿಯಲ್ಲಿಟ್ಟುಕೊಂಡು ಸಿಕ್ಕಿಬಿದ್ದರೆ ದಂಡ ಭಾರಿಯಾಗುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿನಲ್ಲೇ ಹೊರಟು ನವದೆಹಲಿಯಲ್ಲೇ ಕೊನೆಗೊಳ್ಳುವುದರಿಂದ ನಡುವೆ ಇಳಿಸಿ ಏರಿಸುವ ಪ್ರಮೇಯವಿಲ್ಲ, ಮತ್ತು ಸಾಮಾನು ಕಳೆಯುವುದು ಸಾಮಾನ್ಯವಾಗಿ ಹಾಗೆ ಬದಲಾಯಿಸುವಾಗಲೇ. ನಾನು ಎಂಟು ವರ್ಷಗಳ ಹಿಂದೆ ಇದೇ ರೈಲಿನಲ್ಲಿ ನಾಲ್ಕು ಪೆಟ್ಟಿಗೆ ಪುಸ್ತಕ ತಂದಾಗ, ಪ್ರತಿಯೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೋಣಿತಾಟಿನಲ್ಲಿ ದಬ್ಬಣದಿಂದ ಹೊಲಿದು, ಹೊರಡುವ ಮತ್ತು ತಲುಪುವ ನಿಲ್ದಾಣಗಳ ಹೆಸರನ್ನು ಎರಡು ಬದಿಗಳಲ್ಲಿ ಅಳಿಸದ ಶಾಯಿಯಿಂದ ಬರೆದಿದ್ದೆ. ಒಂದು ಪುಟವೂ ಮುದುಡಲಿಲ್ಲ. ರೈಲು ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಪಾರ್ಸೆಲ್ ಆಫೀಸಿನಲ್ಲಿರಿ. ದೆಹಲಿಯಲ್ಲಿ ಇಳಿದ ದಿನವೇ ಬಿಡಿಸಿಕೊಳ್ಳಿರಿ, ಗಡುವು ಮೀರಿದರೆ ವಾರ್ಫೇಜ್ ಎಂಬ ಶುಲ್ಕ ಏರುತ್ತಾ ಹೋಗುತ್ತದೆ.

ಅಂಚೆಯ ಮಾತು: ಸ್ಪೀಡ್ ಪೋಸ್ಟಿನಲ್ಲಿ ಒಂದು ಕಟ್ಟು 35 ಕಿಲೋವರೆಗೆ ಇರಬಹುದು, ಮನೆ ಬಾಗಿಲಿಗೇ ಬರುತ್ತದೆ. ಇಷ್ಟು ದೂರಕ್ಕೆ ಮತ್ತು ಇಷ್ಟು ತೂಕಕ್ಕೆ ಅದು ರೈಲಿಗಿಂತ ದುಬಾರಿ.

ಎರಡನೆಯ ಉತ್ತರ: ಯಂತ್ರದ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ನಮ್ಮ ಅತ್ತೆಯವರ ಯಂತ್ರವನ್ನು ಹುಬ್ಬಳ್ಳಿಯಿಂದ ಪುಣೆಗೆ ಲಾರಿಯಲ್ಲಿ ಕಳುಹಿಸಿ ಅದರ ಸ್ಟ್ಯಾಂಡಿನ ಒಂದು ಕಾಲನ್ನು ಮುರಿಸಿಕೊಂಡಿದ್ದೇನೆ. ಎರಕದ ಕಬ್ಬಿಣ ನೋಡಲು ಗಟ್ಟಿ, ಆದರೆ ಬಾಗುವುದಿಲ್ಲ. ಏಟು ಬಿದ್ದರೆ ಸೀಳುತ್ತದೆ. ನಾವು ಸ್ಟ್ಯಾಂಡನ್ನು ಬಿಚ್ಚದೆ ಹಾಗೆಯೇ ಕೊಟ್ಟಿದ್ದು ತಪ್ಪಾಯಿತು. ನೀವು ಮೊದಲು ಯಂತ್ರದ ತಲೆಯನ್ನು ಹಲಗೆಯಿಂದ ತೆಗೆದು, ಸೂಜಿಯನ್ನೂ ಬಾಬಿನ್ ಕೇಸನ್ನೂ ಬೇರೆ ಡಬ್ಬಿಯಲ್ಲಿಟ್ಟು, ಎಣ್ಣೆಯನ್ನು ಚೆನ್ನಾಗಿ ಒರೆಸಿ, ಹಳೆಯ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ಹಾಕಿಸಿರಿ. ಅನಂತರ ಸ್ಟ್ಯಾಂಡಿನ ಬೋಲ್ಟುಗಳನ್ನು ಬಿಚ್ಚಿದರೆ ಎರಡು ಪಕ್ಕದ ಕಾಲುಗಳು, ತುಳಿಗೆ, ಚಕ್ರ ಇವೆಲ್ಲ ಒಂದರ ಮೇಲೊಂದು ಚಪ್ಪಟೆಯಾಗಿ ಕೂರುತ್ತವೆ. ನಡುನಡುವೆ ಹಳೆಯ ಸೀರೆಯನ್ನು ಮಡಚಿ ಇಡಿರಿ. ಹಾಗೆ ಕಟ್ಟಿದ ಮೂಟೆ ಹೆಚ್ಚುಕಡಿಮೆ 75×50×20ರಷ್ಟಿರುತ್ತದೆ. ಮೊದಲ ಉತ್ತರದ ಲೆಕ್ಕದಲ್ಲೇ ನೋಡಿದರೆ ಗಾತ್ರದ ತೂಕ 60ರಿಂದ 15ಕ್ಕೆ ಇಳಿಯಿತು.

ತುಮಕೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಇದೆ, ಆ ರಸ್ತೆ ದೆಹಲಿಯವರೆಗೂ ಹೋಗುತ್ತದೆ. ಆದ್ದರಿಂದ ಬಿಡಿ ಪಾರ್ಸೆಲ್ ತೆಗೆದುಕೊಳ್ಳುವ ಲಾರಿ ಟ್ರಾನ್ಸ್‌ಪೋರ್ಟಿನವರನ್ನು ಊರಿನಲ್ಲೇ ವಿಚಾರಿಸಿರಿ. ಕಿಲೋ ದರವೊಂದನ್ನೇ ಕೇಳಿ ಬರಬೇಡಿರಿ: ಕನಿಷ್ಠ ಎಷ್ಟು ಕಿಲೋಗೆ ಹಣ ಹಿಡಿಯುತ್ತಾರೆ, ಹಮಾಲಿ ಎಷ್ಟು, ಎಲ್.ಆರ್. (ಲಾರಿಯವರು ಕೊಡುವ ರಸೀದಿ) ಬರೆಯಲು ಎಷ್ಟು ಎಂಬುದನ್ನೂ ಕೇಳಿರಿ. ಗೋಡೌನ್ ಡೆಲಿವರಿ ಬರೆಯಿಸಿದರೆ ಅಗ್ಗ, ಆದರೆ ದೆಹಲಿಯಲ್ಲಿ ಅವರ ಗೋಡೌನು ನಿಮ್ಮ ಮನೆಯಿಂದ ಬಹಳ ದೂರವಿದ್ದರೆ ಆಟೋ ಖರ್ಚಿನಲ್ಲಿ ಆ ಉಳಿತಾಯ ಕರಗುತ್ತದೆ. ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಬೇಕಿಲ್ಲ; ಮಾರಾಟಕ್ಕಲ್ಲ ಎಂದು ಬರೆದು ಸಹಿ ಮಾಡಿದ ಪತ್ರವೊಂದನ್ನು ಜೊತೆಗಿಡಿರಿ.

ಮೂರನೆಯ ಉತ್ತರ: ಮೇಲಿನವರು ಬಿಟ್ಟಿರುವ ಒಂದು ವಿಷಯವಿದೆ. ಬುಕ್ ಮಾಡುವಾಗ ಸಾಮಾನಿನ ಬೆಲೆ ಘೋಷಿಸಿರಿ. ಘೋಷಿಸದಿದ್ದರೆ ಲಾರಿಯವರ ಹೊಣೆ ಸಾಮಾನ್ಯವಾಗಿ ಸಾಗಣೆಯ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ರೈಲಿನ ಲಗೇಜಿಗೆ ಆ ಹೊಣೆ ಕಿಲೋಗೆ 100 ರೂಪಾಯಿಗೆ ನಿಲ್ಲುತ್ತದೆ. ನಾನು ಒಮ್ಮೆ ಕಂಚಿನ ಪಾತ್ರೆಗಳ ಪೆಟ್ಟಿಗೆ ಕಳೆದುಕೊಂಡಾಗ, ರಸೀದಿಯಲ್ಲಿ ಬೆಲೆಯ ಜಾಗ ಖಾಲಿ ಇದ್ದುದರಿಂದ ಸಿಕ್ಕಿದ್ದು ತೀರ ಅಲ್ಪ ಪರಿಹಾರ. ಲಾರಿಯವರಿಗೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡದಿದ್ದರೆ ಆ ಹಕ್ಕೂ ಉಳಿಯುವುದಿಲ್ಲ. ಯಂತ್ರದ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ, ಮೂಟೆ ಕಟ್ಟುವ ಮೊದಲು ಬಿಡಿಭಾಗಗಳನ್ನೆಲ್ಲ ಹರಡಿ ಒಂದು ಫೋಟೋ ತೆಗೆಯಿರಿ. ದೆಹಲಿಯಲ್ಲಿ ಮೂಟೆ ಹರಿದಂತೆ ಕಂಡರೆ, ಅಲ್ಲಿಯೇ ಬಿಚ್ಚಿ ನೋಡಿ, ಹಾನಿಯನ್ನು ರಸೀದಿಯ ಮೇಲೆ ಬರೆಯಿಸಿಕೊಂಡ ಮೇಲೆಯೇ ಸಹಿ ಹಾಕಿರಿ.