ಸಹಾಯ ಬೇಕು: ರೀಬಿಲ್ಡ್ ಮಾಡಿಸಿದ ಎಂಜಿನ್, ಬಿಸಿಯಾದರೆ ಆಯಿಲ್ ಪ್ರೆಶರ್ ಇಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಪೂರ್ತಿ ಬಿಚ್ಚಿ ರೀಬಿಲ್ಡ್ ಮಾಡಿಸಿದ್ದೇನೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಗ್ರೈಂಡ್ ಆಗಿದೆ, ಅದಕ್ಕೆ ತಕ್ಕಂತೆ 0.25 ಎಂಎಂ ಅಂಡರ್‌ಸೈಜ್ ಬೇರಿಂಗ್ ಹಾಕಿದೆ, ರಿಂಗ್, ಗ್ಯಾಸ್ಕೆಟ್ ಎಲ್ಲಾ ಹೊಸದು. ಆಯಿಲ್ ಪಂಪ್ ಮಾತ್ರ ಹಳೆಯದೇ.

ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ, ಐಡಲ್‌ನಲ್ಲೇ (ಆಕ್ಸಿಲರೇಟರ್ ಒತ್ತದೆ) ಆಯಿಲ್ ಪ್ರೆಶರ್ 3 ಬಾರ್ ತೋರಿಸುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ ಗಾಡಿ ನಿಲ್ಲಿಸಿ ಎಂಜಿನ್ ಐಡಲ್‌ನಲ್ಲಿ ಬಿಟ್ಟರೆ ಸಾಕು, ಮುಳ್ಳು ನಿಧಾನವಾಗಿ 0.4ಕ್ಕೆ ಇಳಿದು ಕೆಂಪು ಲೈಟ್ ಮಿಣುಕುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಲೈಟ್ ಆರಿಹೋಗುತ್ತದೆ, 3000 ಆರ್‌ಪಿಎಂಗೆ ಮತ್ತೆ 3 ಬಾರ್. ಬಡಿಯುವ ಸದ್ದು ಇಲ್ಲ.

ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದೆ. ಸೆನ್ಸರ್ ಮೇಲೆ ಅನುಮಾನ ಬಂದು ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದೆ, ಅದೂ ಅದನ್ನೇ ಹೇಳಿತು. ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದರೆ ಆಯಿಲ್ ವಾಪಸ್ ಬಿಡುವ ವಾಲ್ವ್) ಪೂರ್ತಿ ತೆರೆದೇ ಸಿಕ್ಕಿಕೊಂಡಿದ್ದರೆ ಜಾಸ್ತಿ ಆರ್‌ಪಿಎಂನಲ್ಲೂ ಪ್ರೆಶರ್ ಬರಬಾರದು ಅಲ್ವಾ? ಹಾಗಾಗಿ ನನ್ನ ಅನುಮಾನ ಮುಖ್ಯವಾಗಿ ಎರಡರ ಮೇಲೆ: ಪಂಪ್ ಸವೆದಿರಬೇಕು, ಇಲ್ಲಾ ಬೇರಿಂಗ್ ಕ್ಲಿಯರೆನ್ಸ್ (ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಸಂದು) ಜಾಸ್ತಿಯಾಗಿರಬೇಕು. ಎರಡಕ್ಕೂ ಲಕ್ಷಣ ಒಂದೇ, ಇಲ್ಲೇ ತಲೆ ಕೆಟ್ಟಿರೋದು. ದಪ್ಪ ಆಯಿಲ್ ಹಾಕಿ ಓಡಿಸು ಅಂತ ಕೆಲವರು ಹೇಳುತ್ತಾರೆ, ಅದು ಸುಮ್ನೆ ರೋಗ ಮುಚ್ಚಿಟ್ಟ ಹಾಗೆ ಅನಿಸುತ್ತದೆ.

ಎಂಜಿನ್ ಕೆಳಗಿಳಿಸದೆ, ತಪ್ಪು ಪಂಪ್‌ನದ್ದಾ ಬೇರಿಂಗ್‌ನದ್ದಾ ಅಂತ ಖಚಿತವಾಗಿ ಕಂಡುಹಿಡಿಯೋದು ಹೇಗೆ? ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಿದರೆ ಮೊದಲು ಏನನ್ನು ಅಳೆಯಬೇಕು?