ದಾವಣಗೆರೆ ವ್ಯಾಪಾರಿಗಳ ಗುಂಪು: ಆಡಿಟರ್ ಮೇಡಂ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಮೇಡಂ ಸಂಜೆ ತನಕ ಇರುತ್ತಾರೆ. ಜಿಎಸ್‌ಟಿ, ನೋಟಿಸ್, ಬಾಕಿ ವಸೂಲಿ ಏನಿದ್ದರೂ ಕೇಳಿ. ಗುಡ್ ಮಾರ್ನಿಂಗ್ ಹೂವು ಹಾಕಬೇಡಿ.

ಮಂಡಕ್ಕಿ ಮಿರ್ಚಿ ಅಂಗಡಿ: ಮೇಡಂ ನಮಸ್ಕಾರ. ಮಂಡಕ್ಕಿಗೆ ಟ್ಯಾಕ್ಸ್ ಇಲ್ಲ ಅಂತಾರೆ. ವರ್ಷಕ್ಕೆ ಫೋನ್‌ಪೇಯಲ್ಲಿ 26 ಲಕ್ಷ ಬಂದಿದೆ. 40 ಲಕ್ಷದ ತನಕ ಏನೂ ಬೇಡ ಅಲ್ವಾ?

ಆಡಿಟರ್: ಭಟ್ಟಿಯಿಂದ ತಂದ ಮಂಡಕ್ಕಿಯನ್ನು ಹಾಗೇ ಬಿಡಿಯಾಗಿ ಅಳೆದು ಮಾರಿದರೆ ತೆರಿಗೆ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ 5%. ನೀವು ಮಾಡುವುದು ಇವೆರಡೂ ಅಲ್ಲ. ಈರುಳ್ಳಿ, ಖಾರ ಹಾಕಿ ಕಲಸಿ, ಪಕ್ಕಕ್ಕೆ ಎರಡು ಮಿರ್ಚಿ ಇಟ್ಟು ಕೊಡುತ್ತೀರಿ. ಅದು ಹೋಟೆಲ್ ಲೆಕ್ಕ, ಸೇವೆ. ಅದಕ್ಕೆ ಮಿತಿ 20 ಲಕ್ಷ. 40 ಲಕ್ಷ ಇರುವುದು ಬರೀ ಸರಕು ಮಾರುವವರಿಗೆ. ನೋಂದಣಿ ಮಾಡಿಸಿ, ಕಾಂಪೋಸಿಷನ್ (ಒಟ್ಟು ವಹಿವಾಟಿನ ಮೇಲೆ ಒಂದೇ ದರದಲ್ಲಿ ಕಟ್ಟುವ ಸರಳ ಯೋಜನೆ) ತೆಗೆದುಕೊಳ್ಳಿ, 5% ಕಟ್ಟಿ. ಗಲ್ಲಾಪೆಟ್ಟಿಗೆಗೆ ಬಿದ್ದ ನಗದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹಾರ್ಡ್‌ವೇರ್, ಅಶೋಕ ರಸ್ತೆ: ಈ ರಗಳೆಯೇ ಬೇಡ ಅಂತ ನಾನು ಕ್ಯೂಆರ್ ಕಿತ್ತು ಹಾಕಿದೆ. ನಗದು ಮಾತ್ರ ಅಂತ ಬೋರ್ಡ್ ಹಾಕಿದ್ದೇನೆ.

ಮೆಡಿಕಲ್ ಸ್ಟೋರ್: ನೋಡಿದೆ ಅಣ್ಣ. ಮೊನ್ನೆ ನಿಮ್ಮ ಕೌಂಟರ್ ಮೇಲೆ ಎರಡು ಪೈಪ್ ಬಿಟ್ಟು ಪಕ್ಕದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ತಂದವನು ನಾನೇ.

ಆಡಿಟರ್: ಕ್ಯೂಆರ್ ಕಿತ್ತರೆ ಹಳೆಯ ಲೆಕ್ಕ ಅಳಿಸಿ ಹೋಗುವುದಿಲ್ಲ. 2025ರ ಜುಲೈನಲ್ಲಿ ಅಂಗಡಿಗಳಿಗೆ ಬಂದ ಜಿಎಸ್‌ಟಿ ನೋಟಿಸುಗಳೆಲ್ಲ ಹಿಂದಿನ ವರ್ಷಗಳ ಯುಪಿಐ ನೋಡಿಯೇ ಕೊಟ್ಟಿದ್ದು.

ಚಳ್ಳಕೆರೆ ಎಣ್ಣೆ ವ್ಯಾಪಾರಿ: *ಫಾರ್ವರ್ಡ್: 2000ಕ್ಕಿಂತ ಜಾಸ್ತಿ ಯುಪಿಐ ಬಂದರೆ ಜಿಎಸ್‌ಟಿ!! ಹೆಂಡತಿ ಹೆಸರಲ್ಲಿ ಒಂದು, ಮಗನ ಹೆಸರಲ್ಲಿ ಒಂದು ಕ್ಯೂಆರ್ ಇಡಿ. ಗಿರಾಕಿಗೆ "ಕೈಸಾಲ" ಅಂತ ಬರೆಯಲು ಹೇಳಿ. ಎಲ್ಲರಿಗೂ ಕಳಿಸಿ.* ಇದು ನಿಜವಾ ಮೇಡಂ?

ಆಡಿಟರ್: ಸುಳ್ಳು. 2025ರ ಏಪ್ರಿಲ್‌ನಲ್ಲೇ ಕೇಂದ್ರ ಹಣಕಾಸು ಸಚಿವಾಲಯ ಅದನ್ನು ಅಲ್ಲಗಳೆದಿದೆ. ಇನ್ನು ಆ ಉಪಾಯ. ಒಂದೇ ಅಂಗಡಿ, ಒಂದೇ ತಕ್ಕಡಿ, ಮೂರು ಕ್ಯೂಆರ್. ಅಧಿಕಾರಿ ಬಂದು ನಿಂತರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆಯಿಂದ ಇನ್ನೂರು ಜನ ನಿಮಗೆ ಕೈಸಾಲ ಕೊಟ್ಟರು ಅಂತ ಯಾರ ಮುಂದೆ ಹೇಳುತ್ತೀರಿ?

ಟೈಲರಿಂಗ್ ಯುನಿಟ್, ಹರಿಹರ: ಎಕ್ಸ್‌ಪೋರ್ಟ್ ಪಾರ್ಟಿಗೆ ಜಾಬ್‌ವರ್ಕ್ ಮಾಡಿಕೊಟ್ಟಿದ್ದೆ. ಅಮೆರಿಕದವರು ಸುಂಕ ಏರಿಸಿದಾಗಿನಿಂದ ದುಡ್ಡು ಇಲ್ಲ. ಕೇಳಿದರೆ ಟ್ರಂಪ್‌ನ ಕೇಳಿ ಅಂತಾರೆ.

ಆಡಿಟರ್: 2025ರ ಆಗಸ್ಟ್ 27ಕ್ಕೆ ಸುಂಕ 50% ಆಗಿದ್ದು ನಿಜ, ಅವರಿಗೆ ಏಟು ಬಿದ್ದಿದ್ದೂ ನಿಜ. ಆದರೆ ನೀವು ಬಟ್ಟೆ ಹೊಲಿದುಕೊಟ್ಟಿದ್ದು ಅಮೆರಿಕಕ್ಕಲ್ಲ, ಆ ಎಕ್ಸ್‌ಪೋರ್ಟ್ ಪಾರ್ಟಿಗೆ. ಕೆಲಸಕ್ಕೆ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಆಗಿತ್ತಾ? ಆಗಿದ್ದರೆ ಕರಾರು ಇಲ್ಲದಿದ್ದಲ್ಲಿ 15 ದಿನ, ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಒಂದು ಪತ್ರ ಬರೆಯಿರಿ, ಬಗ್ಗದಿದ್ದರೆ ಸಣ್ಣ ಉದ್ದಿಮೆಗಳ ಬಾಕಿ ವಸೂಲಿಗೆ ಕೇಂದ್ರ ಸರ್ಕಾರ ಇಟ್ಟಿರುವ ಪೋರ್ಟಲ್‌ನಲ್ಲಿ ದೂರು ಹಾಕಿ.

ರೊಟ್ಟಿ ಅಕ್ಕ, ವಿನೋಬನಗರ: ಮೇಡಂ, ನಾನು ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಸಂಬಂಧಿಕರ ಹುಡುಗ ಸಾಲ ಕೊಡಿಸುತ್ತೇನೆ ಅಂತ ಆಧಾರ್, ಪ್ಯಾನ್, ಕರೆಂಟ್ ಬಿಲ್ ಒಯ್ದಿದ್ದ. ಓಟಿಪಿ ಕೇಳಿದ, ಹೇಳಿದೆ. ಈಗ ನನ್ನ ಹೆಸರಿಗೆ ಜಿಎಸ್‌ಟಿ ನೋಟಿಸ್ ಬಂದಿದೆ. ಗುಜರಿ ಕಬ್ಬಿಣದ ವ್ಯಾಪಾರ ಅಂತ ಇದೆ.

ಆಡಿಟರ್: ಅಕ್ಕ, ಉಳಿದವರು ಸ್ವಲ್ಪ ಸುಮ್ಮನಿರಲಿ, ಇದನ್ನು ಗಮನವಿಟ್ಟು ಓದಿ. ಆ ನೋಟಿಸಿನಲ್ಲಿ 15 ಅಕ್ಷರದ ಜಿಎಸ್‌ಟಿ ನಂಬರ್ ಇರುತ್ತದೆ. ಮೊದಲ ಎರಡು 29 ಇದ್ದರೆ ಕರ್ನಾಟಕ. ಆಮೇಲಿನ ಹತ್ತನ್ನು ನಿಮ್ಮ ಪ್ಯಾನ್ ಕಾರ್ಡಿನ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ಸರ್ಕಾರದ ಪಾಲಿಗೆ ಕಬ್ಬಿಣದ ವ್ಯಾಪಾರಿ ನೀವೇ.

ಇದಕ್ಕೆ ಬಿಲ್ ವ್ಯಾಪಾರ ಅಂತಾರೆ. ಲಾರಿ ಓಡುವುದಿಲ್ಲ, ಕಬ್ಬಿಣ ಇರುವುದೇ ಇಲ್ಲ, ಬರೀ ಬಿಲ್ ಹರಿಯುತ್ತಾರೆ. ಬಿಲ್ ಕೊಂಡವನು ಅದನ್ನು ತೋರಿಸಿ ತನ್ನ ತೆರಿಗೆ ಕಡಿಮೆ ಮಾಡಿಕೊಳ್ಳುತ್ತಾನೆ. ಬಿಲ್ ಕೊಟ್ಟವರು ಕಟ್ಟಬೇಕಾದ ತೆರಿಗೆ ನಿಮ್ಮ ಹೆಸರಿಗೆ ನಿಲ್ಲುತ್ತದೆ. ತೆರಿಗೆ ಮೊತ್ತ 5 ಕೋಟಿ ದಾಟಿದರೆ ಜಾಮೀನುರಹಿತ ಕೇಸು. ಹೆದರಿಸಲು ಹೇಳುತ್ತಿಲ್ಲ, ಆ ಹುಡುಗ "ಚಿಕ್ಕಮ್ಮ, ನಾನು ಕ್ಯಾನ್ಸಲ್ ಮಾಡಿಸುತ್ತೇನೆ, ಇಲ್ಲೊಂದು ಸಹಿ ಹಾಕು" ಅಂತ ಬಂದೇ ಬರುತ್ತಾನೆ, ಅದಕ್ಕೆ ಹೇಳುತ್ತಿದ್ದೇನೆ. ಸಹಿ ಹಾಕಬೇಡಿ. ನೋಂದಣಿ ರದ್ದಾದರೂ ಹಿಂದಿನ ಬಾಕಿ ರದ್ದಾಗುವುದಿಲ್ಲ. ಸಹಿ ಇದ್ದರೆ ಎಲ್ಲ ನಿಮಗೆ ಗೊತ್ತಿದ್ದೇ ಆಯಿತು ಅಂತ ಆಗುತ್ತದೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕಿದರೆ ನಿಮ್ಮ ಹೆಸರಲ್ಲಿ ಬೇರೆ ರಾಜ್ಯದಲ್ಲೂ ನೋಂದಣಿ ಇದೆಯಾ ಅಂತ ಕಾಣುತ್ತದೆ. ಅಲ್ಲಿರುವ ಮೊಬೈಲ್ ನಂಬರ್ ಅವನದೇ ಇರಬೇಕು, ಅದಕ್ಕೇ ನಿಮಗೆ ಒಂದು ಮೆಸೇಜೂ ಬಂದಿಲ್ಲ. ಪೊಲೀಸರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಅದರ ಪ್ರತಿ ಇಟ್ಟು, ನೋಟಿಸಿನಲ್ಲಿರುವ ತಾರೀಕಿನೊಳಗೆ ಉತ್ತರ ಕೊಡೋಣ. ಸಾಲ ಕೊಡಿಸುತ್ತೇನೆ ಅಂತ ಅವನು ಕಳಿಸಿದ ವಾಟ್ಸಾಪ್ ಮೆಸೇಜ್ ಅಳಿಸಬೇಡಿ.

ಹಾರ್ಡ್‌ವೇರ್, ಅಶೋಕ ರಸ್ತೆ: ಓಟಿಪಿ ಯಾಕೆ ಹೇಳಬೇಕಿತ್ತು?

ಮೆಡಿಕಲ್ ಸ್ಟೋರ್: ಮನೆ ಹುಡುಗ ಅಂತ ಹೇಳಿದ್ದಾರೆ ಬಿಡಿ.

ಬೇಕರಿ, ಪಿ.ಜೆ. ಬಡಾವಣೆ: ಮೇಡಂ, ನಮ್ಮ ಅಂಗಡಿ ಹುಡುಗ ಹೇಳದೆ ಕೇಳದೆ ಮೂರು ದಿನ ಬಂದಿಲ್ಲ. ತಿಂಗಳ ಸಂಬಳ ಹಿಡಿಯಬಹುದಾ?

ಮೆಡಿಕಲ್ ಸ್ಟೋರ್: ವಾರದ ರಜೆ ಕೊಡುತ್ತೀರಾ ಅಣ್ಣ? ಕಾನೂನಲ್ಲಿದೆ ಅದು.

ಬೇಕರಿ, ಪಿ.ಜೆ. ಬಡಾವಣೆ: ಬೇಕರಿಗೆ ಎಲ್ಲಿಯ ಭಾನುವಾರ? ದೊಡ್ಡ ಕಂಪನಿ ಯಜಮಾನರೇ ವಾರಕ್ಕೆ 90 ಗಂಟೆ ಕೆಲಸ ಮಾಡಿ ಅಂತಾರೆ.

ಮೆಡಿಕಲ್ ಸ್ಟೋರ್: ಅವರು ಕೊಡುವ ಸಂಬಳ ಕೊಟ್ಟು ಹೇಳಿ.

ಬೇಕರಿ, ಪಿ.ಜೆ. ಬಡಾವಣೆ: ನಿಮ್ಮಲ್ಲಿ ಮಾತ್ರೆ ಎಣಿಸುವ ಹುಡುಗ ರಾತ್ರಿ ಹನ್ನೊಂದಕ್ಕೆ ಶಟರ್ ಎಳೆಯುತ್ತಾನೆ. ನಾನೂ ಅದೇ ದಾರಿಯಲ್ಲಿ ಹೋಗುವವನು.

ಅಡ್ಮಿನ್: ಇಬ್ಬರೂ ಪರ್ಸನಲ್‌ಗೆ ಹೋಗಿ.

ಬಟ್ಟೆ ಅಂಗಡಿ, ಚಿತ್ರದುರ್ಗ: 40 ಲಕ್ಷದ ತನಕ ಬೇಡ ಅಲ್ವಾ ಮೇಡಂ?

ಆಡಿಟರ್: ಮೇಲೆ ಓದಿ.

ಚಳ್ಳಕೆರೆ ಎಣ್ಣೆ ವ್ಯಾಪಾರಿ: ಹೆಂಡತಿ ಕ್ಯೂಆರ್ ಬೇಡ, ಮಾವನ ಹೆಸರಲ್ಲಿ ಇಟ್ಟರೆ?

ಆಡಿಟರ್: ಅವರಿಗೂ ಒಂದು ನೋಟಿಸ್ ಬರುತ್ತದೆ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಈ ಗುಂಪಿನಲ್ಲಿ ಇರುವುದಿಲ್ಲ.

ರೊಟ್ಟಿ ಅಕ್ಕ, ವಿನೋಬನಗರ: ಮೇಡಂ, ನೋಡಿದೆ. 29 ಇದೆ, ಪ್ಯಾನ್ ನಂದೇ. ಅವನು ಫೋನ್ ಮಾಡುತ್ತಿದ್ದಾನೆ, ಗುಂಪಿನಲ್ಲಿ ಯಾಕೆ ಹಾಕಿದೆ ಅಂತ ಬೈಯುತ್ತಿದ್ದಾನೆ.

ಆಡಿಟರ್: ಹಾಗಾದರೆ ಈ ಗುಂಪಿನಲ್ಲೇ ಅವನಿಗೆ ಸುದ್ದಿ ಮುಟ್ಟಿಸಿದವರಿದ್ದಾರೆ. ಅಡ್ಮಿನ್, ನೋಡಿಕೊಳ್ಳಿ. ಅಕ್ಕ, ಇನ್ನು ಇಲ್ಲಿ ಏನೂ ಬರೆಯಬೇಡಿ, ಅವನ ಫೋನ್ ಎತ್ತಬೇಡಿ. ನಾಳೆ ಹತ್ತೂವರೆಗೆ ಆಫೀಸಿಗೆ ಬನ್ನಿ. ನೋಟಿಸ್, ಅದು ಬಂದ ಲಕೋಟೆ, ಪ್ಯಾನ್, ಮೊಬೈಲ್ ತನ್ನಿ. ಜೊತೆಗೆ ಮಗಳನ್ನೋ ತಮ್ಮನನ್ನೋ ಕರೆದುಕೊಂಡು ಬನ್ನಿ.