ಪದ ಬೇಕು: ‘ಪೈಲಟ್’ ಹಣಕ್ಕೆ ಏನನ್ನೋದು? ‘ಜೋಡಿ’ ಅಂದ್ರೆ ನಡಿಯತ್ತಾ?

ಎಲ್ಲರಿಗೂ ನಮಸ್ಕಾರ. ನಾನಿರೋದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ, ಯೇಲ್ ಯೂನಿವರ್ಸಿಟಿ ಇರೋ ಊರು. ಇಲ್ಲಿನ ಕನ್ನಡದ ಮನೆಗಳಿಗೆ ನಮ್ಮೂರ ಕಂದಾಯದ ಬಗ್ಗೆ ಎರಡು ಪುಟ ಬರ್ಕೊಡ್ತೀನಿ ಅಂತ ಒಪ್ಕೊಂಡಿದ್ದೀನಿ, ಬರೀತಾ ಕೂತ್ರೆ ಪದಗಳ ಹತ್ರಾನೇ ಕೈ ನಿಂತೋಗ್ತಿದೆ, ಅದ್ರಲ್ಲೂ ‘ಪೈಲಟ್’, ಅಂದ್ರೆ ತೆರಿಗೆಯ ಬದಲಿಗೆ ಊರಿಗೆ ಸಿಗೋ ಹಣ, ಅನ್ನೋದ್ರ ಹತ್ರ.

ವಿಷಯ ಇಷ್ಟು. ಇಲ್ಲಿ ಊರುಗಳು ತಾವಾಗೇ ಇನ್‌ಕಮ್ ಟ್ಯಾಕ್ಸ್ ಹಾಕೋ ಹಾಗಿಲ್ಲ, ಮನೆ, ಅಂಗಡಿ, ಕಾರಿನ ಮೇಲೆ ಬರೋ ಆಸ್ತಿ ತೆರಿಗೇನೇ ಊರಿನ ಮುಖ್ಯ ಆದಾಯ. ಆದ್ರೆ ಯೇಲ್‌ನ ಕ್ಲಾಸ್‌ರೂಮು, ಹಾಸ್ಟೆಲ್ಲು, ಪಕ್ಕದ ದೊಡ್ಡ ಆಸ್ಪತ್ರೆ ಇವಕ್ಕೆಲ್ಲಾ ಆ ತೆರಿಗೆ ಇಲ್ಲ, ಊರಿನ ಒಟ್ಟು ಆಸ್ತಿ ಬೆಲೇಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಹೊರಗೇ ಉಳಿದಿದೆ. ಅದೇ ಕಟ್ಟಡಗಳಲ್ಲಿ ಕೆಲಸ ಮಾಡೋ ಪ್ರೊಫೆಸರು, ಡಾಕ್ಟರು, ನರ್ಸುಗಳ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇದೆ, 1991ರಲ್ಲಿ ಶುರುವಾಗಿದ್ದು, ಅದು ನೇರ ರಾಜಧಾನಿ ಹಾರ್ಟ್‌ಫರ್ಡ್‌ನ ಖಜಾನೆಗೆ ಹೋಗತ್ತೆ. ಅವರಲ್ಲಿ ಎಷ್ಟೋ ಜನ ಮನೆ ಮಾಡಿರೋದು ಅಕ್ಕಪಕ್ಕದ ಊರಲ್ಲಿ, ಹಾಗಾಗಿ ಮನೆ ಕಂದಾಯನೂ ಆಚೆಗೇ. ರಸ್ತೆ, ಪೊಲೀಸು, ಫೈರ್ ಇಂಜಿನ್ನಿನ ಖರ್ಚು ಮಾತ್ರ ನಮ್ಮೂರಿಂದು. ಆ ಆದಾಯ ತೆರಿಗೇಲೇ ಒಂದು ಭಾಗ ಸಂಸ್ಥೆ ಇರೋ ಊರಿಗೆ ವಾಪಸ್ ಬರ್ಲಿ ಅನ್ನೋದು ವಾದ, ನಂಗಂತೂ ಇದು ನ್ಯಾಯ ಅನ್ಸತ್ತೆ.

ಇದಕ್ಕೆ ‘ಅನುದಾನ’ ಅಂತ ಬರೆಯೋಕೆ ಮನಸ್ಸಿಲ್ಲ. ಅನುದಾನ ಅಂದ್ರೆ ಮೇಲಿನವರು ಮನಸ್ಸು ಮಾಡಿ ಕೊಟ್ಟಿದ್ದು, ‘ಪಾಲು’ ಅಂದ್ರೆ ನಮಗೆ ಸೇರಬೇಕಾದ್ದು. ಕೇಂದ್ರದ ತೆರಿಗೆ ವಿಚಾರ ಬಂದಾಗ ಕರ್ನಾಟಕದ ಪೇಪರ್‌ಗಳು ‘ತೆರಿಗೆ ಪಾಲು’ ಅಂತಾನೇ ಬರೀತಾವಲ್ಲ, ಅದನ್ನೇ ಇಟ್ಕೊಂಡಿದ್ದೀನಿ.

ಕಷ್ಟ ಇರೋದು ‘ಪೈಲಟ್’ ಅನ್ನೋದ್ರಲ್ಲಿ. ತೆರಿಗೆಯ ಬದಲಿಗೆ ಕೊಡೋ ಹಣ ಅನ್ನೋದನ್ನ ಇಂಗ್ಲಿಷಲ್ಲಿ ಮೊಟಕು ಮಾಡಿ ಹಾಗಂತಾರೆ, ಕನ್ನಡದಲ್ಲಿ ಓದಿದೋರು ವಿಮಾನ ಓಡಿಸೋನು ಅಂದ್ಕೋತಾರೆ. ಅದಕ್ಕಿಂತ ತೊಂದರೆ ಅಂದ್ರೆ ಒಂದೇ ಪದಕ್ಕೆ ಎರಡು ಅರ್ಥ. ಕನೆಕ್ಟಿಕಟ್‌ನಲ್ಲಿ ಪೈಲಟ್ ಅಂದ್ರೆ ರಾಜ್ಯ ಸರ್ಕಾರ ಊರಿಗೆ ಕೊಡೋ ಹಣ: ಖಾಸಗಿ ಕಾಲೇಜು, ಆಸ್ಪತ್ರೆಗಳಿಂದ ಬರಬೇಕಿದ್ದ ತೆರಿಗೇಲಿ ಶೇ. 77 ಅಂತ ಕಾನೂನಲ್ಲಿದೆ, ಬಜೆಟ್ಟಲ್ಲಿ ಅಷ್ಟು ದುಡ್ಡು ಇಡಲ್ಲ, 2021ರಲ್ಲಿ ನಿಯಮ ಬದಲಾಯಿಸಿ ತೆರಿಗೆ ಹಾಕೋಕೆ ಆಸ್ತಿ ಕಮ್ಮಿ ಇರೋ ಊರುಗಳಿಗೆ ಆ ಲೆಕ್ಕದ ಅರ್ಧನಾದ್ರೂ ಸಿಗ್ಲಿ ಅಂತ ಮಾಡಿದ್ರು. ಬಾಸ್ಟನ್‌ನಲ್ಲಾದ್ರೆ ಪೈಲಟ್ ಅನ್ನೋದು ಸಂಸ್ಥೆಗಳೇ ಊರಿಗೆ ಕೊಡೋ ಹಣ, ಅದೂ ಒತ್ತಾಯ ಇಲ್ಲ. ಯೇಲ್ ಕೂಡ ಹಂಗೆ ಸ್ವಂತ ಇಷ್ಟದಿಂದ ಕೊಡತ್ತೆ, 2021ರ ಒಪ್ಪಂದದಲ್ಲಿ ಆರು ವರ್ಷಕ್ಕೆ ಒಟ್ಟು ಸುಮಾರು 13.5 ಕೋಟಿ ಡಾಲರ್. ಕೊಡೋರು ಬೇರೆ ಬೇರೆ ಆದ್ಮೇಲೆ ಕನ್ನಡದಲ್ಲಿ ಎರಡು ಪದ ಇರ್ಬೇಕು ಅಂತ ನನ್ನ ಹಟ.

ಅಮ್ಮ ಹೋದ ಬೇಸಿಗೇಲಿ ತುಮಕೂರು ಕಡೆಯಿಂದ ಬಂದಿದ್ರು. ಒಂದಿನ ನಮ್ಮ ಮನೆ ಟ್ಯಾಕ್ಸ್ ಬಿಲ್ಲು ಅಡುಗೆಮನೆ ಟೇಬಲ್ ಮೇಲೆ ಬಿದ್ದಿತ್ತು, ಕನ್ನಡಕ ಹಾಕ್ಕೊಂಡು ಅಂಕಿ ನೋಡಿ, ‘ನಿಂಗೇ ಇಷ್ಟು ಅಂದ್ರೆ ಆ ಕಲ್ಲಿನ ಗೋಪುರದ ಕಾಲೇಜಿಗೆ ಎಷ್ಟು ಬರತ್ತೋ ಕಂದಾಯ?’ ಅಂದ್ರು. ಅದಕ್ಕೆ ಕಂದಾಯ ಇಲ್ಲಮ್ಮ, ಒಪ್ಪಿದಷ್ಟು ಒಂಚೂರು ಕೊಡ್ತಾರೆ ಅಂದೆ. ‘ಹಂಗಾದ್ರೆ ಜೋಡಿ ಅನ್ನು, ನಮ್ಮಜ್ಜನ ಊರು ಜೋಡಿ ಊರೇ ಅಲ್ವಾ’ ಅಂದ್ಬಿಟ್ರು.

ಆಮೇಲಿಂದ ಆ ಪದ ತಲೇಲೇ ಇದೆ. ಶಾಸನಗಳಲ್ಲಿ ಬರೋ ‘ಸರ್ವಮಾನ್ಯ’ ಅಂದ್ರೆ ಪೂರ್ತಿ ತೆರಿಗೆ ಇಲ್ಲದ ದತ್ತಿ. ಮೈಸೂರು ಸೀಮೆಯ ಜೋಡಿ ಇನಾಮು ಅಂದ್ರೆ ದತ್ತಿಯಾಗಿ ಬಂದ ಜಮೀನಿಗೆ ಪೂರಾ ಕಂದಾಯದ ಬದಲು ಹಗುರವಾದ ಒಂದು ಮೊತ್ತ ಮಾತ್ರ ಕಟ್ಟೋದು, ಆ ಮೊತ್ತಕ್ಕೇ ಜೋಡಿ ಅಂತ ಹೆಸರು. 1954, 1955ರ ಇನಾಂ ರದ್ದತಿ ಕಾಯ್ದೆಗಳ ಆಮೇಲೆ ಪದ್ಧತಿ ಹೋಯ್ತು, ಹಿರಿಯರ ಬಾಯಲ್ಲಿ ಪದ ಉಳೀತು. ಯೇಲ್ ಕೊಡೋದಕ್ಕೆ ಇದಕ್ಕಿಂತ ಹತ್ತಿರದ ಮಾತು ನಂಗೆ ಸಿಕ್ಕಿಲ್ಲ. ಆದ್ರೆ ಎರಡು ಕಡೆ ಕೊಂಡಿ ತಪ್ಪತ್ತೆ: ಜೋಡಿ ಕಟ್ಟಲೇಬೇಕಿತ್ತು, ಕಟ್ತಿದ್ದಿದ್ದೂ ಸರ್ಕಾರಕ್ಕೆ, ಊರಿಗಲ್ಲ. ಈಗಿನ ಹುಡುಗರಿಗೆ ಜೋಡಿ ಅಂದ್ರೆ ಗಂಡ ಹೆಂಡ್ತಿ ಅಷ್ಟೇ. ಬೆಂಗಳೂರಲ್ಲಿ ವಿನಾಯಿತಿ ಇರೋ ಕಟ್ಟಡಗಳಿಗೆ ಹಾಕೋ ‘ಸೇವಾ ಶುಲ್ಕ’ನೂ ಯೋಚಿಸ್ದೆ, ಅದು ಬ್ಯಾಂಕಿನೋರು ಕಟ್ ಮಾಡೋ ದುಡ್ಡಿನ ಥರ ಕೇಳ್ಸತ್ತೆ.

ಸರ್ಕಾರ ಕೊಡೋದಕ್ಕೆ ‘ಕಂದಾಯ ಭರ್ತಿ’ ಅಂತ ನಾನೇ ಕಟ್ಟಿದ್ದೀನಿ, ಖೋತಾ ಆಗಿದ್ದನ್ನ ತುಂಬಿಕೊಡೋದು ಅನ್ನೋ ಅರ್ಥದಲ್ಲಿ. ಸರಿಯಾಗಿ ಕೇಳತ್ತಾ?

ಇನ್ನೊಂದು, ‘ಲಾಭರಹಿತ ಸಂಸ್ಥೆ’. 4,000 ಕೋಟಿ ಡಾಲರಿಗೂ ಮೇಲೆ ನಿಧಿ ಇರೋ ಯೂನಿವರ್ಸಿಟಿನ ಲಾಭರಹಿತ ಅಂದ್ರೆ ಓದೋರು ನಷ್ಟದಲ್ಲಿದೆ ಪಾಪ ಅಂದ್ಕೋತಾರೆ, ಅದಕ್ಕೇ ‘ಲಾಭ ಹಂಚ್ಕೊಳ್ಳದ ಸಂಸ್ಥೆ’ ಅಂತ ಬರ್ದಿದ್ದೀನಿ, ಉದ್ದ ಆದ್ರೂ ನಿಜ ಅದೇ. ಸಂಸ್ಥೆ ಇರೋ ಊರಿಗೆ ‘ಆತಿಥೇಯ ನಗರ’ ಅನ್ನೋದು ಬೇಡವೇ ಬೇಡ, 1716ರಿಂದ ಇಲ್ಲೇ ಇರೋ ಯೇಲ್‌ನೋರು ಅತಿಥಿ ಹೆಂಗಾಗ್ತಾರೆ? ‘ನೆಲೆಯೂರು’ ಅಂತ ಹಾಕಿದ್ದೀನಿ.

ಜೋಡಿ ಕಟ್ಟಿದ ಮನೆತನದೋರು, ಹಳೇ ಕಂದಾಯದ ಕಾಗದ ಓದಿದೋರು ಇಲ್ಲಿದ್ರೆ ದಯವಿಟ್ಟು ಹೇಳಿ, ಆ ಮೊತ್ತಕ್ಕೆ ನಿಮ್ಮ ಕಡೆ ಬೇರೆ ಮಾತೇನಾದ್ರೂ ಇತ್ತಾ? ಮುಂದಿನ ಶನಿವಾರದೊಳಗೆ ಬರೆದ್ರೆ ಪ್ರಿಂಟಿಗೆ ಕೊಡೋ ಮೊದಲು ತಿದ್ಕೋತೀನಿ.